ಕಟ್ಟಲು ಬಾರದ ಗಂಟು ಕೊರಳಿಗೇಕೆ?

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲಿರುವ ನನ್ನ ಭಾವಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ನೋಡಿ ಮುಸಿಮುಸಿ ನಕ್ಕಿದ್ದೀರಿ. 1972ರಲ್ಲಿ ಪದವಿ ಮುಗಿದಾಗ ಧಾರವಾಡದ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರವದು. ಮೈಮೇಲೆ ಕರಿಯ ಕೋಟು, ಕೊರಳಲ್ಲಿ ಚಿಟ್ಟೆಯಾಕಾರದ ಬೋ ಟೈ. ಕೋಟೂ ನನ್ನದಲ್ಲ, ಟೈಯೂ ನನ್ನದಲ್ಲ. ಸ್ಟುಡಿಯೋದ ಗೋಡೆಯ ಮೊಳೆಗೆ ಅವೆರಡೂ ನೇತಾಡುತ್ತಿದ್ದವು. ಆ ವರ್ಷ ಪದವೀಧರರಾದ ನನ್ನ ಗೆಳೆಯರ ಚಿತ್ರಗಳಲ್ಲೂ ಅದೇ ಕೋಟು, ಅದೇ ಟೈ. ಟೈಯ ಗಂಟು ಕಟ್ಟಿದ್ದಲ್ಲ, ಹೊಲಿದದ್ದು. ಹಿಂದೆ ಒಂದು ಇಲಾಸ್ಟಿಕ್ಕು. ಚಿತ್ರ ತೆಗೆಯುವವರು ಅದನ್ನು ಎಳೆದು ನನ್ನ ಕೊರಳಿಗೆ ಹಾಕಿ ಪಟ್ಟನೆ ಬಿಟ್ಟರು. ಅಷ್ಟರಲ್ಲಿ ನಾನು ಸಾಹೇಬನಾದೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಇನ್ನೂ ಚಹಾ ಕುಡಿದು ಮುಗಿದಿರಲಿಲ್ಲ, ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತಿದ್ದ. ನಾನು ಶಿಕ್ಷಕನಾದ ಮೊದಲ ವರ್ಷಗಳಲ್ಲಿ ನನ್ನ ಕೈಯಲ್ಲಿ ಕಲಿತವನು. ಈಗ ಅರವತ್ತು ದಾಟಿದ ರೈತ. ತಲೆಗೆ ಬಿಳಿಯ ರುಮಾಲು, ಕೈಯಲ್ಲಿ ಮೊಮ್ಮಗನ ಕೆಂಪು ಬೋ ಟೈ. ಅದರ ಇಲಾಸ್ಟಿಕ್ಕು ಹರಿದಿತ್ತು.

"ಸರ, ಇವತ್ತ ಹುಡುಗನ ಸಾಲ್ಯಾಗ ಗ್ಯಾದರಿಂಗ ಐತ್ರಿ. ಇದು ಹರದ ಹೋಗೇತಿ. ಇದಿಲ್ಲಾಂದ್ರ ಸ್ಟೇಜಿನ ಮ್ಯಾಲ ನಿಂದ್ರಸೂದಿಲ್ಲಂತ. ನಮ್ಮಂಥ ಹಳ್ಳಿ ಮಂದಿಗೆ ಇದನ್ನ ಕಟ್ಟಾಕ ಎಲ್ಲಿ ಬರತೈತ್ರಿ? ನೀವು ಫೋಟೋದಾಗ ಕಟಗೊಂಡೀರಲ್ಲ, ಅದಕ್ಕ ಬಂದೆ" ಎಂದ.

ನನಗೆ ನಾಚಿಕೆಯಾಯಿತು. ಟೈ ಕಟ್ಟುವುದು ನನಗೂ ಬರುತ್ತಿರಲಿಲ್ಲ. ಮಾತು ತಪ್ಪಿಸಲೆಂದು ಕೇಳಿದೆ: "ನಿನ್ನ ತಲಿಗೆ ರುಮಾಲು ಯಾರು ಸುತ್ಯಾರೋ?"

"ನಾನ ಸುತ್ತಗೊಂಡೀನ್ರಿ. ಮತ್ತ್ಯಾರು ಸುತ್ತತಾರ?"

"ಕನ್ನಡಿ ನೋಡಿಕೊಂಡೇನು?"

"ರುಮಾಲಿಗ್ಯಾಕ ಕನ್ನಡೀರಿ?" ಎಂದು ನಕ್ಕ.

ನಮ್ಮ ಮನೆಯವರು ಹೊಲಿಗೆಯ ಡಬ್ಬಿಯಿಂದ ಇಲಾಸ್ಟಿಕ್ಕಿನ ತುಂಡೊಂದನ್ನು ಹುಡುಕಿ, ನಾಲ್ಕು ಹೊಲಿಗೆ ಹಾಕಿ ಕೊಟ್ಟರು. ಅವನು ಉಪಕಾರ ಹೊತ್ತವನಂತೆ ಕೈಮುಗಿದು ಹೋದ. ಮೊಳಗಟ್ಟಲೆ ಉದ್ದದ ಬಟ್ಟೆಯನ್ನು ಕನ್ನಡಿಯ ಹಂಗಿಲ್ಲದೆ, ಗುಂಡುಪಿನ್ನಿನ ಹಂಗಿಲ್ಲದೆ, ಗಾಳಿಗೂ ಜಾರದಂತೆ ತಲೆಗೆ ಸುತ್ತಿಕೊಳ್ಳಬಲ್ಲವನು ತನ್ನನ್ನು ಏನೂ ಬಾರದವನೆಂದು ತಿಳಿದಿದ್ದ. ಒಂದು ಗೇಣಿನ ಹೊಲಿದ ಗಂಟಿನ ಮುಂದೆ ಅವನು ತಲೆ ತಗ್ಗಿಸಿದ್ದ. ಆ ತಲೆ ತಗ್ಗಿಸಿದ್ದೇ ನನ್ನನ್ನು ಈ ಲೇಖನಕ್ಕೆ ಹಚ್ಚಿತು.

ನನ್ನ ವಾದವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಾನು ಬೋ ಟೈಯ ವೈರಿಯಲ್ಲ. ಕಟ್ಟಲು ಕಲಿಸದೆ ಮಕ್ಕಳ ಕೊರಳಿಗೆ ತೂಗಿಬಿಡುವ ಹೊಲಿದ ಗಂಟಿನ ವೈರಿ. ಶಾಲೆಯೆಂಬುದು ಕಲಿಸುವ ಸ್ಥಳ. ತಾನು ಕಲಿಸದ ಒಂದನ್ನು ಮಗುವಿನ ಮೈಮೇಲೆ ಕಡ್ಡಾಯ ಮಾಡುವ ಅಧಿಕಾರ ಶಾಲೆಗೆ ಇಲ್ಲ.

ಆ ಪ್ರಸಂಗದ ನಂತರ ಹಠ ಹಿಡಿದು ಈ ವಿದ್ಯೆಯನ್ನು ಕಲಿತೆ. ಮಗಳು ಬೆಂಗಳೂರಿನಿಂದ ಕಟ್ಟುವ ಬಗೆಯ ಬೋ ಟೈ ತಂದುಕೊಟ್ಟಳು. ಬಿಚ್ಚಿಟ್ಟರೆ ಅದು ಕೇವಲ ಒಂದು ಪಟ್ಟಿ: ನಡುವೆ ಕಿರಿದು, ಎರಡು ತುದಿಗಳಲ್ಲಿ ಅಗಲ. ಕೊರಳಿನ ಅಳತೆಗೆ ಹೊಂದಿಸಿಕೊಳ್ಳಲು ಹಿಂದೆ ಒಂದು ಕೊಕ್ಕೆ. ಪಟ್ಟಿಯನ್ನು ಕೊರಳಿಗೆ ಹಾಕಿ ಒಂದು ತುದಿಯನ್ನು ಇನ್ನೊಂದಕ್ಕಿಂತ ಎರಡು ಬೆರಳಿನಷ್ಟು ಉದ್ದ ಬಿಡಬೇಕು. ಉದ್ದನೆಯದನ್ನು ಗಿಡ್ಡದರ ಮೇಲೆ ದಾಟಿಸಿ, ಕೆಳಗಿನಿಂದ ಮೇಲಕ್ಕೆ ತಂದು ಒಂದು ಸಾದಾ ಗಂಟು ಹಾಕಬೇಕು. ಗಿಡ್ಡ ತುದಿಯನ್ನು ಮಡಿಸಿ ಕೊರಳಿಗೆ ಅಡ್ಡ ಹಿಡಿಯಬೇಕು. ಉದ್ದನೆಯದನ್ನು ಅದರ ನಡುವೆ ಮೇಲಿನಿಂದ ಇಳಿಬಿಟ್ಟು, ಅದನ್ನೂ ಮಡಿಸಿ, ಹಿಂದೆ ಉಂಟಾಗುವ ಸಂದಿಯಲ್ಲಿ ತೂರಿಸಬೇಕು. ನಂತರ ಎರಡೂ ಮಡಿಕೆಗಳನ್ನು ಹಿಡಿದು ಜಗ್ಗಿದರೆ ಗಂಟು ಬಿಗಿಯಾಗುತ್ತದೆ. ತುದಿಯನ್ನು ಎಳೆದರೆ ಸರಕ್ಕನೆ ಬಿಚ್ಚುತ್ತದೆ.

ಮೂರು ದಿನ ಕೈ ತಡವರಿಸಿತು. ನಾಲ್ಕನೆಯ ದಿನ ಗಂಟು ಕೂತಿತು. ಆಗ ಹೊಳೆದ ಸಂಗತಿ ಕೇಳಿ ನೀವು ನಗುತ್ತೀರಿ. ಇದು ಚೊಣ್ಣದ ಲಾಡಿ ಕಟ್ಟುವ ಗಂಟು! ಬೂಟಿನ ಲೇಸಿಗೆ ಹಾಕುವುದೂ ಇದನ್ನೇ. ನಮ್ಮ ಹೆಣ್ಣುಮಕ್ಕಳು ಎರಡು ಜಡೆ ಹೆಣೆದು, ಮಡಿಸಿ, ಕಿವಿಯ ಬಳಿ ರಿಬ್ಬನ್ನಿನಿಂದ ಹೂ ಅರಳಿಸುತ್ತಾರಲ್ಲ, ಅದೂ ಇದೇ. ಅಂದರೆ ನಮ್ಮ ಊರಿನ ತಾಯಂದಿರು ದಿನವೂ ಬೆಳಿಗ್ಗೆ ರೊಟ್ಟಿಯ ಹಂಚು ಕಾಯುವುದರೊಳಗೆ ಎರಡೆರಡು ಬೋ ಕಟ್ಟಿ ಮಗಳನ್ನು ಶಾಲೆಗೆ ಕಳಿಸುತ್ತಿದ್ದಾರೆ. ನಮ್ಮ ಅಜ್ಜಿಯಂದಿರು ಖಣದ ಕುಪ್ಪಸದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿಕೊಂಡೇ ಬಾಳಿದರು. ಎತ್ತಿನ ಹಗ್ಗಕ್ಕೆ ಹಾಕುವ ಜೀರುಗುಣಿಕೆಯನ್ನು ಬಲ್ಲದ ರೈತನಿಲ್ಲ. ಇಂಥ ಊರಿಗೆ ಬಂದು ಶಾಲೆಯವರು "ನಿಮಗೆ ಗಂಟು ಕಟ್ಟಲು ಬಾರದು, ಹೊಲಿದದ್ದನ್ನೇ ಕೊಳ್ಳಿ" ಎನ್ನುತ್ತಾರೆ. ನಾವೂ ಕೊಂಡು ತರುತ್ತೇವೆ.

ಕೊರಳಪಟ್ಟಿಯ ಇತಿಹಾಸವನ್ನಾದರೂ ನೋಡೋಣ. 1618ರಿಂದ 1648ರವರೆಗೆ ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಕ್ರೊಯೇಷಿಯಾದ ಕೂಲಿ ಸೈನಿಕರು ಕೊರಳಿಗೆ ಒಂದು ವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಅದು ಫ್ರೆಂಚರ ಕಣ್ಣಿಗೆ ಚೆಂದ ಕಂಡಿತು. ಆ ಜನರ ಹೆಸರಿನಿಂದಲೇ ಅದನ್ನು ಕ್ರಾವಾಟ್ ಎಂದು ಕರೆದರು. ಇಂದಿನ ಉದ್ದ ಟೈಯೂ ಬೋ ಟೈಯೂ ಅದರ ಸಂತಾನ. ಸಾಹೇಬರ ಸೊತ್ತೆಂದು ನಾವು ತಿಳಿದದ್ದು ಮೂಲದಲ್ಲಿ ಬಡ ಸಿಪಾಯಿಯ ಬಟ್ಟೆಯ ತುಂಡು. ಅದನ್ನು ಅವನು ತಾನೇ ಕಟ್ಟಿಕೊಳ್ಳುತ್ತಿದ್ದ.

ಬೋ ಟೈಯನ್ನು ಮನಸಾರೆ ಆರಿಸಿಕೊಂಡವರೂ ಇದ್ದಾರೆ. ಚಂಡೀಗಡವನ್ನು ರೂಪಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಅದನ್ನು ಧರಿಸುತ್ತಿದ್ದರು. ನಕ್ಷೆಯ ಹಲಗೆಯ ಮೇಲೆ ಬಾಗುವವರಿಗೆ ಉದ್ದ ಟೈ ಅಡ್ಡಿ. ಬೋ ಟೈ ಕೊರಳಲ್ಲೇ ಇರುತ್ತದೆ. ರೋಗಿಯ ಮೇಲೆ ಬಾಗುವ ವೈದ್ಯರಲ್ಲಿ ಕೆಲವರು ಅದನ್ನು ಮೆಚ್ಚಿದ್ದೂ ಇದೇ ಕಾರಣಕ್ಕೆ. ಕೆಲಸ ಉಡುಪನ್ನು ನಿರ್ಧರಿಸಿದರೆ ನನ್ನ ತಕರಾರಿಲ್ಲ. ಆದರೆ ಆರು ವರ್ಷದ ಮಗು ಯಾವ ನಕ್ಷೆಯ ಮೇಲೆ ಬಾಗುತ್ತದೆ?

ಈ ಮಾತಿಗೆ ಬರುವ ಉತ್ತರಗಳು ನನಗೆ ಗೊತ್ತು. ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳೇ ಅವನ್ನು ಹೇಳಿದ್ದಾರೆ.

ಒಂದು: "ಸರ್, ಚಿಕ್ಕ ಮಕ್ಕಳ ಕೊರಳಿಗೆ ಕಟ್ಟುವ ಗಂಟು ಅಪಾಯ. ಇಲಾಸ್ಟಿಕ್ ಇದ್ದರೆ ಜಗ್ಗಿದಾಗ ಸಡಿಲಾಗುತ್ತದೆ." ಒಪ್ಪಿದೆ. ಆಟದಲ್ಲಿ ಒಬ್ಬರ ಕೊರಳಪಟ್ಟಿಯನ್ನು ಇನ್ನೊಬ್ಬರು ಜಗ್ಗದ ಶಾಲೆಯುಂಟೇ? ಆದರೆ ಈ ಮಾತು ಹೊಲಿದ ಟೈಯ ಪರವಾದ ವಾದವಲ್ಲ, ಟೈಯೇ ಬೇಡವೆಂಬ ವಾದ. ಕೊರಳಿಗೆ ಅಪಾಯವೆಂದು ನೀವೇ ಹೇಳುವುದನ್ನು ಕೊರಳಿಗೇ ಏಕೆ ಹಾಕುತ್ತೀರಿ?

ಎರಡು: "ಟೈ ಇದ್ದರೆ ಶಿಸ್ತು." ಬ್ರಿಟನ್ನಿನ ಆರೋಗ್ಯ ಇಲಾಖೆಯು 2007ರಲ್ಲಿ, ರೋಗಿಗಳನ್ನು ನೋಡುವಾಗ ಟೈ ಬೇಡವೆಂದು ಆಸ್ಪತ್ರೆಗಳ ವೈದ್ಯರಿಗೆ ಸೂಚಿಸಿತು. ಅದನ್ನು ಅಪರೂಪಕ್ಕೆ ಒಗೆಯುತ್ತಾರೆ, ಸೋಂಕು ಹಬ್ಬಬಹುದು ಎಂಬುದು ಕಾರಣ. ನಮ್ಮ ವಕೀಲರ ಪರಿಷತ್ತಿನ ನಿಯಮಗಳೇ ಬೇಸಿಗೆಯಲ್ಲಿ, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದೆಡೆ, ಕರಿಯ ಕೋಟು ಕಡ್ಡಾಯವಲ್ಲ ಎನ್ನುತ್ತವೆ. ಟೈಯ ತವರಿನ ವೈದ್ಯರಿಗೆ ಟೈ ಬೇಡ, ಬಿಸಿಲಲ್ಲಿ ವಕೀಲರಿಗೆ ಕೋಟು ಬೇಡ. ಆದರೆ ಮಾರ್ಚ್ ತಿಂಗಳ ಎರೆಭೂಮಿಯ ಬಿಸಿಲಿನಲ್ಲಿ ರೋಣ ತಾಲ್ಲೂಕಿನ ಮಗುವಿಗೆ ಮಾತ್ರ ಬೇಕು! ಶಿಸ್ತು ಕೊರಳಿನಲ್ಲಿ ಇರುವುದಾದರೆ ನನ್ನ ಮೂವತ್ತು ಚಿಲ್ಲರೆ ವರ್ಷಗಳ ಸೇವೆಯಲ್ಲಿ ನಾನು ಒಬ್ಬ ಶಿಸ್ತಿನ ವಿದ್ಯಾರ್ಥಿಯನ್ನೂ ಕಂಡಿಲ್ಲವೆಂದಾಯಿತು.

ಮೂರು: "ಸಮವಸ್ತ್ರದಿಂದ ಬಡವ ಬಲ್ಲಿದರ ಭೇದ ಹೋಗುತ್ತದೆ." ಸಮವಸ್ತ್ರದ ಬಗ್ಗೆ ಈ ಮಾತು ನಿಜ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಉಚಿತ ಸಮವಸ್ತ್ರ ಬರುತ್ತದೆ. ಅದರಲ್ಲಿ ಟೈ ಇಲ್ಲ. ಅದಿಲ್ಲದೆಯೂ ಆ ಮಕ್ಕಳು ಸಮವಾಗಿಯೇ ಕಾಣುತ್ತಾರೆ. ಟೈ ತರುವುದು ಸಮತೆಯನ್ನಲ್ಲ. ಹರಿದ ಟೈಯ ಮಗುವನ್ನು ವೇದಿಕೆಯಿಂದ ಕೆಳಗಿಳಿಸುವ ನೆಪವನ್ನು ತರುತ್ತದೆ.

ಇದಕ್ಕೂ ದೊಡ್ಡ ನಷ್ಟ ಇನ್ನೊಂದಿದೆ. ಮಗು ಮನೆಗೆ ಬಂದು ಅಜ್ಜನ ರುಮಾಲನ್ನು ನೋಡುತ್ತದೆ. ಶಾಲೆಯಲ್ಲಿ ಯಾರ ತಲೆಯ ಮೇಲೂ ಅದಿಲ್ಲ. ಕೊರಳಿನ ಬಟ್ಟೆ ಓದಿದವರದು, ತಲೆಯ ಬಟ್ಟೆ ಓದದವರದು ಎಂದು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ. ರುಮಾಲೆಂಬ ಪಾರಸಿ ಪದಕ್ಕೆ ಮುಖ ಒರೆಸುವುದೆಂದು ಅರ್ಥ. ನಮ್ಮವರು ಅದರಿಂದ ಒರೆಸಿದ್ದು ಮುಖವನ್ನಷ್ಟೇ ಅಲ್ಲ. ಬಿಸಿಲಿಗೆ ಅದು ನೆರಳು. ಹೊರೆ ಹೊರುವಾಗ ಸಿಂಬಿ. ಹೊಲಕ್ಕೆ ಹೋಗುವಾಗ ರೊಟ್ಟಿಯ ಗಂಟು. ಕೈ ಮುರಿದಾಗ ಜೋಳಿಗೆ. ಬಿಚ್ಚಿದರೆ ಬಟ್ಟೆ, ಸುತ್ತಿದರೆ ಮರ್ಯಾದೆ. ಕೋಟು ಟೈಗಳ ಮೇಲೆಯೇ ಮೈಸೂರು ಪೇಟ ಧರಿಸಿ ವಿಶ್ವೇಶ್ವರಯ್ಯನವರು ದಿವಾನಗಿರಿ ನಡೆಸಿದರು. ಕೊರಳಿಗೆ ಟೈ ಬಂದರೆ ತಲೆಯ ಪೇಟ ಇಳಿಯಬೇಕೆಂದು ಅವರಿಗೆ ಅನಿಸಲಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ಇಂದು ಸನ್ಮಾನ ಸಮಾರಂಭಗಳಲ್ಲಿ ಏನು ಮಾಡುತ್ತೇವೆ? ಅಂಗಡಿಯಿಂದ ಜರಿಯ ಪೇಟವನ್ನು ಸಿದ್ಧ ರೂಪದಲ್ಲೇ ತಂದು, ಟೋಪಿಯಂತೆ ಅತಿಥಿಯ ತಲೆಯ ಮೇಲೆ ಇಡುತ್ತೇವೆ. ಚಿತ್ರ ತೆಗೆದ ಮೇಲೆ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತದೆ. ನನ್ನ ನಿವೃತ್ತಿಯ ದಿನ ಬಂದದ್ದೂ ಅಂಥದ್ದೇ. ಈಗಲೂ ಅಟ್ಟದ ಮೇಲಿದೆ. ಸಭೆಯಲ್ಲಿ ರುಮಾಲು ಸುತ್ತಬಲ್ಲ ಹತ್ತು ಹಿರಿಯರು ಕುಳಿತಿದ್ದರು. ಅವರಲ್ಲೊಬ್ಬರನ್ನು ವೇದಿಕೆಗೆ ಕರೆದು ಸುತ್ತಿಸಿದ್ದರೆ ಎರಡು ಸನ್ಮಾನಗಳಾಗುತ್ತಿದ್ದವು. ಇದು ನನಗೂ ಆಗ ತೋಚಲಿಲ್ಲ.

ತೋಚದಿರುವುದಕ್ಕೆ ಕಾರಣವೂ ಇತ್ತು. 1972ರ ಆ ದಿನ ಅಪ್ಪ ನನ್ನೊಡನೆ ಧಾರವಾಡಕ್ಕೆ ಬಂದಿದ್ದರು. ಮಗ ಪದವೀಧರನಾದನೆಂದು ಒಗೆದು ನೀಲಿ ಹಾಕಿದ ರುಮಾಲನ್ನು ಸುತ್ತಿಕೊಂಡಿದ್ದರು. ಸ್ಟುಡಿಯೋದವರು "ಯಜಮಾನರೂ ಕೂಡ್ರಲಿ, ಇಬ್ಬರದೂ ತಗಿಯೂಣು" ಎಂದರು. ನಾನು ಅಪ್ಪನ ತಲೆಯನ್ನು ನೋಡಿದೆ, ಕನ್ನಡಿಯಲ್ಲಿ ನನ್ನ ಕೊರಳನ್ನು ನೋಡಿದೆ. "ಬ್ಯಾಡ್ರಿ, ನಂದೊಂದ ಸಾಕು" ಎಂದೆ. ಅಪ್ಪ ಕೇಳಿಸಿಕೊಂಡರು. ಏನೂ ಅನ್ನದೆ ನನ್ನ ಅಂಗಿಯನ್ನು ಕೈಯಲ್ಲಿ ಹಿಡಿದು ಹೊರಗೆ ನಿಂತರು. ಅವರ ಭಾವಚಿತ್ರ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಏಕೆಂದು ಮೊಮ್ಮಕ್ಕಳು ಕೇಳಿದಾಗಲೆಲ್ಲ, ಆ ಕಾಲದಲ್ಲಿ ಚಿತ್ರ ತೆಗೆಸುವ ರೂಢಿ ಇರಲಿಲ್ಲವೆಂದು ಸುಳ್ಳು ಹೇಳುತ್ತ ಬಂದಿದ್ದೇನೆ.

ಆದ್ದರಿಂದ ಶಾಲೆ ನಡೆಸುತ್ತಿರುವ ಹಾಗೂ ಶಾಲೆಗಳಲ್ಲಿ ಕಲಿಸುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು. ಚಿಕ್ಕ ಮಕ್ಕಳ ಕೊರಳನ್ನು ಬಿಟ್ಟುಬಿಡಿ. ದೊಡ್ಡ ತರಗತಿಯವರಿಗೆ ಟೈ ಬೇಕೇ ಬೇಕೆಂದರೆ ಹೊಲಿದದ್ದನ್ನು ಕೊಳ್ಳಲು ಹಚ್ಚಬೇಡಿ; ಒಂದು ಪಿರಿಯಡ್ಡನ್ನು ಕೊಟ್ಟು ಕಟ್ಟಲು ಕಲಿಸಿ. ಅದೇ ಪಿರಿಯಡ್ಡಿಗೆ ಊರಿನ ಒಬ್ಬ ಹಿರಿಯರನ್ನು ಕರೆಸಿ ರುಮಾಲು ಸುತ್ತುವುದನ್ನೂ ಕಲಿಸಿ. ಆ ದಿನ ಅವರು ಗುರುಗಳಾಗಿ ಕುರ್ಚಿಯ ಮೇಲೆ ಕೂಡಲಿ. ಗ್ಯಾದರಿಂಗಿನಲ್ಲಿ ಯಾವ ಮಗುವನ್ನೂ ಕೊರಳು ಬರಿದೆಂದು ಕೆಳಗಿಳಿಸಬೇಡಿ.

ದೂರದ ಊರುಗಳಲ್ಲಿ, ಪರದೇಶಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ನಿಮ್ಮ ಔತಣಗಳಿಗೆ ಬೋ ಟೈ ಬೇಕಾದೀತು. ಕಪ್ಪು ಡಿನ್ನರ್ ಕೋಟಿಗೆ ಕಪ್ಪು, ಬಾಲದ ಕೋಟಿಗೆ ಬಿಳಿಯದು ಎಂಬುದು ಅಲ್ಲಿಯ ರೂಢಿ. ಗಂಟಿನ ಅಗಲ ಮುಖದ ಅಗಲವನ್ನು ಮೀರಬಾರದು. ಮದುವೆ ಮುಂಜಿವೆಗಳಿಗಾದರೆ ಬಣ್ಣ ನಿಮ್ಮ ಇಚ್ಛೆ. ಗುಳೇದಗುಡ್ಡದ ಖಣದ ಬಟ್ಟೆಯನ್ನು ಒಯ್ದು ಪಟ್ಟಿ ಹೊಲಿಸಿಕೊಳ್ಳಿ. ಅದರ ಅಂದ ಯಾವ ರೇಶಿಮೆಗೂ ಕಡಿಮೆಯಲ್ಲ. ಆದರೆ ಗಂಟನ್ನು ಮಾತ್ರ ನೀವೇ ಕಟ್ಟಿರಿ. ಸ್ವಲ್ಪ ಸೊಟ್ಟಗಾದರೆ ಆಗಲಿ. ಕೈಯಿಂದ ಕಟ್ಟಿದ್ದು ಎಂಬುದಕ್ಕೆ ಆ ಸೊಟ್ಟವೇ ಗುರುತು.

ಗೋಡೆಯ ಮೇಲಿನ ಚಿತ್ರವನ್ನು ನಾನು ತೆಗೆಯುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದು ಬಂದಿದೆ. ಕಳೆದ ಯುಗಾದಿಯ ದಿನ ಡಿಸೆಂಬರಿನ ಆ ವಿದ್ಯಾರ್ಥಿಯನ್ನು ಮನೆಗೆ ಕರೆಸಿ ರುಮಾಲು ಸುತ್ತಲು ಕಲಿತೆ. ಮೂರು ಸಲ ಬಿಚ್ಚಿ, ಮೂರು ಸಲ ಸುತ್ತಿ, "ಹಿಂಗಲ್ರೀ ಸರ, ಹಿಂಗ" ಎಂದು ಅವನು ನನ್ನ ಕೈ ಹಿಡಿದು ತಿದ್ದಿದ. ಮಗ್ಗಿ ತಪ್ಪಿದ್ದಕ್ಕೆ ನಾನು ಅವನ ಕಿವಿ ಹಿಂಡಿದ್ದು ಅವನಿಗೆ ನೆನಪಿತ್ತು. ತಪ್ಪಿದಾಗ ನನ್ನ ಕಿವಿ ಹಿಂಡಲಿಲ್ಲ, ಅದು ಅವನ ದೊಡ್ಡತನ. ಕೊನೆಗೆ ಅವನ ಮೊಮ್ಮಗ ನಮ್ಮಿಬ್ಬರ ಚಿತ್ರ ತೆಗೆದ. ಊರಿಗೆ ಬಂದಾಗ ಮನೆಗೆ ಬನ್ನಿ. ಚಹಾ ಆದ ಮೇಲೆ ಎರಡೂ ಗಂಟುಗಳನ್ನು ಕಲಿಸಿಕೊಡುತ್ತೇನೆ.

ಹೊಳೆಆಲೂರಿನಿಂದ,
ನಿಮ್ಮ ಮಾಸ್ತರ