ಸತ್ತ ಕೂದಲು, ಬದುಕಿರುವ ಎಲುಬು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕನ್ನಡದ ಅಧ್ಯಾಪಕರು ಅಪ್ಪಣೆ ಮಾಡಿದಾಗ, ಕೂದಲನ್ನೂ ಎಲುಬನ್ನೂ ಕುರಿತು ಬರೆಯುತ್ತೇನೆಂದೆ. ಗೆಳತಿಯರು ನಕ್ಕರು. "ಇತಿಹಾಸ, ಅರ್ಥಶಾಸ್ತ್ರ ಓದುವವಳಿಗೆ ಎಲುಬಿನ ಗೊಡವೆ ಏಕೆ? ಅದು ಬಿ.ಎಸ್‌ಸಿ.ಯವರಿಗೆ ಬಿಟ್ಟ ವಿಷಯ" ಎಂದರು. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಆದರೆ ದೇಹವೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ ಸ್ವತ್ತಲ್ಲವಷ್ಟೆ! ಬಿ.ಎ. ಓದುವವರ ಮೈಯಲ್ಲಿಯೂ 206 ಎಲುಬುಗಳೇ ಇವೆ. ನನಗೆ ಈ ವಿಷಯ ಹೇಗೆ ಅಂಟಿಕೊಂಡಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಕೂದಲಿನ ಮಾತು. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಲೆಕ್ಕದಲ್ಲಿ ಆಸಕ್ತಿಯುಳ್ಳವರು ಗುಣಿಸಿ ನೋಡಲಿ: ಒಂದು ತಲೆ ಒಂದು ತಿಂಗಳಿನಲ್ಲಿ ಒಂದು ಕಿಲೋಮೀಟರು ಉದ್ದದ ಎಳೆಯನ್ನು ನೂಲುತ್ತದೆ! ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜವೇ ಆಗಿದೆ. ಬಾಚಣಿಗೆಯನ್ನು ನೋಡಿ ಕಣ್ಣೀರು ಹಾಕಬೇಕಾದ ಕಾರಣವಿಲ್ಲ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬುದೂ, ಸತ್ತ ಮೇಲೆಯೂ ಕೂದಲು ಬೆಳೆಯುತ್ತದೆಂಬುದೂ ಕೇವಲ ನಂಬಿಕೆಗಳು. ಬೋಳಿಸಿದಾಗ ಎಳೆಯ ಸಣ್ಣ ತುದಿ ಹೋಗಿ ದಪ್ಪ ಬುಡ ಉಳಿಯುವುದರಿಂದ ಹಾಗೆ ತೋರುತ್ತದೆ. ಸತ್ತವರ ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಕೂದಲು ಬೆಳೆದಂತೆ ಕಾಣುತ್ತದೆ.

ಎಲ್ಲಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ನಾವು ಇಷ್ಟೊಂದು ಮುದ್ದಿನಿಂದ ಬಾಚುವ ಕೂದಲಿಗೆ ಜೀವವೇ ಇಲ್ಲ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಕ್ಕೆ ಕಾಣುವ ಎಳೆ ಉಗುರಿನಂತೆಯೇ ಸತ್ತ ವಸ್ತು. ಅದಕ್ಕೆಂದೇ ಕತ್ತರಿಸಿದರೂ ನೋಯುವುದಿಲ್ಲ. ಆದರೂ ಅದರ ವೈಭವವೇನು! ವಿದ್ಯಾರಣ್ಯಪುರದಲ್ಲಿ ನಾವು ಬಾಡಿಗೆಗಿರುವ ಬೀದಿಯಲ್ಲಿ ಎಣ್ಣೆ, ಬಣ್ಣ, ಶಾಂಪೂ ತೂಗುಬಿಡದ ಅಂಗಡಿಯಿಲ್ಲ. ಉದುರಿದ ಕೂದಲಿಗೂ ಬೆಲೆಯುಂಟು. ಅಮ್ಮ ಬಾಚಣಿಗೆಯ ಕೂದಲನ್ನು ಸುತ್ತಿ ಗೋಡೆಯ ಸಂದಿನಲ್ಲಿ ಸಿಕ್ಕಿಸಿಡುತ್ತಾಳೆ. ಕೂದಲು ಕೊಳ್ಳುವ ಹೆಂಗಸು ಬಂದಾಗ ಅದನ್ನು ಕೊಟ್ಟು ಒಂದು ಪಿನ್ನನ್ನೋ ಸಣ್ಣ ಪಾತ್ರೆಯನ್ನೋ ಪಡೆಯುತ್ತಾಳೆ. ಹೀಗೆ ಮನೆಮನೆಯಿಂದ ಕೂಡಿದ ಕೂದಲನ್ನು ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ಜೋಡಿಸುವ ಕಸುಬಿನಿಂದಲೇ ಕೊಪ್ಪಳದ ಬಳಿಯ ಭಾಗ್ಯನಗರದಲ್ಲಿ ಎಷ್ಟೋ ಕುಟುಂಬಗಳು ಜೀವನ ನಡೆಸುತ್ತವೆ. ಅಲ್ಲಿಂದ ಹೊರಟ ಕೂದಲು ಕಡಲು ದಾಟಿ ಹೋಗಿ ಯಾರದೋ ತಲೆಯನ್ನು ಅಲಂಕರಿಸುತ್ತದೆ.

ಇನ್ನು ಎಲುಬು. ಎಲುಬೆಂದರೆ ನಮ್ಮ ಮನಸ್ಸಿಗೆ ಬರುವುದು ಸ್ಮಶಾನ, ಇಲ್ಲವೆ ಪ್ರಯೋಗಶಾಲೆಯ ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರ. ಒಣಗಿದ, ಬಿಳಿಯ, ಜಡವಾದ ವಸ್ತುವೆಂದೇ ನಾವು ಭಾವಿಸಿದ್ದೇವೆ. ನಿಜ ಅದಕ್ಕೆ ತೀರ ವಿರುದ್ಧ. ಎಲುಬಿಗೆ ರಕ್ತನಾಳಗಳಿವೆ, ನರಗಳಿವೆ. ಅದರೊಳಗಿನ ಮಜ್ಜೆಯಲ್ಲಿ ಒಂದೊಂದು ಸೆಕೆಂಡಿಗೂ ಸುಮಾರು ಇಪ್ಪತ್ತು ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಹುಟ್ಟಿದ ಮಗುವಿನಲ್ಲಿ ಎಲುಬಿನ ತುಂಡುಗಳು ಮುನ್ನೂರರ ಹತ್ತಿರ. ಬೆಳೆಯುತ್ತ ಬೆಳೆಯುತ್ತ ಅವು ಬೆಸೆದುಕೊಂಡು 206 ಆಗುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ 106, ಕೈಪಾದಗಳಲ್ಲಿಯೇ ಇವೆ. ಕಿವಿಯೊಳಗೆ ಮೂರೇ ಮಿಲಿಮೀಟರು ಉದ್ದದ ಎಲುಬೊಂದುಂಟು. ಎಲುಬನ್ನು ಕೆಡಹುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ಹಗಲಿರುಳು ಒಟ್ಟಿಗೆ ದುಡಿಯುತ್ತವೆ. ನಮ್ಮ ತಂದೆಯವರು ಗಾರೆಕೆಲಸ ಮಾಡುವವರು. ಹಳೆಯ ಗೋಡೆ ಕೆಡಹಿ ಹೊಸದು ಕಟ್ಟುವುದನ್ನು ನಾನು ದಿನವೂ ಕಂಡವಳು. ನಮ್ಮ ಮೈಯೊಳಗೂ ಅಂತಹ ಗಾರೆಯವರಿದ್ದಾರೆ. ಹತ್ತು ವರ್ಷಗಳಲ್ಲಿ ಹೆಚ್ಚುಕಡಮೆ ಇಡೀ ಕಟ್ಟಡವನ್ನೇ ಹೊಸದು ಮಾಡಿಬಿಡುತ್ತಾರೆ.

ಕಟ್ಟುವ ಗಾರೆಯವನು ಕೈಗೆ ಸಿಕ್ಕ ಸಾಮಾನಿನಿಂದಲೇ ಕಟ್ಟಬೇಕು. ಮರಳಿನಲ್ಲಿ ಉಪ್ಪಿದ್ದರೆ ಗೋಡೆ ಕೆಡುತ್ತದೆ. ಎಲುಬಿನ ಸಾಮಾನು ನಾವು ಉಣ್ಣುವ ಅನ್ನ, ಕುಡಿಯುವ ನೀರು. ಆದುದರಿಂದಲೇ ಎಲುಬು ಮನುಷ್ಯನ ಬಾಳಿನ ಶಾಸನವಾಗಿದೆ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963ರಿಂದ 1965ರ ನಡುವೆ ಎಂ. ಎಸ್. ನಾಗರಾಜರಾವ್ ಅವರೂ ಕೆ. ಸಿ. ಮಲ್ಹೋತ್ರ ಅವರೂ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಸಮಾಧಿಗಳು ದೊರೆತವು. ಆ ಜನ ಒಂದಕ್ಷರವನ್ನೂ ಬರೆದಿಟ್ಟು ಹೋಗಲಿಲ್ಲ. ಎಲುಬುಗಳನ್ನು ಬಿಟ್ಟು ಹೋದರು. ವಿದ್ವಾಂಸರು ಅವನ್ನೇ ಓದಿದರು. ಕೂದಲೂ ಒಂದು ದಾಖಲೆಯೇ. ವಿಷ ಮೈಸೇರಿದರೆ ಅದರ ಗುರುತು ಕೂದಲಿನಲ್ಲಿ ಸಿಕ್ಕುತ್ತದೆ. ಆದರೆ ಕೂದಲಿನದು ಕೆಲವು ತಿಂಗಳ, ಕೆಲವು ವರ್ಷಗಳ ದಿನಚರಿ. ಎಲುಬಿನದು ಇಡೀ ಜೀವಮಾನದ ಬರಹ. ಈಗ ಹೇಳಿ, ಇತಿಹಾಸದ ವಿದ್ಯಾರ್ಥಿನಿಗೆ ಎಲುಬು ಹೊರಗಿನ ವಿಷಯವೆ?

ನಾನು ಹತ್ತಿರದಿಂದ ಓದಿದ ಮೊದಲ ಶಾಸನ ನಮ್ಮ ಅಜ್ಜಿಯ ಬೆನ್ನು.

ನಮ್ಮ ಊರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ನನಗೆ ಹತ್ತು ವರ್ಷವಾಗುವವರೆಗೆ ಅಲ್ಲಿಯೇ ಅಜ್ಜಿಯ ಬಳಿ ಬೆಳೆದೆ. ಭಾನುವಾರ ಬಂದರೆ ಅಜ್ಜಿ ನನ್ನನ್ನು ಜಗಲಿಯ ಮೇಲೆ ಕೂಡಿಸಿಕೊಂಡು ಹರಳೆಣ್ಣೆ ಹಚ್ಚಿ ಎರಡು ಜಡೆ ಹೆಣೆಯುತ್ತಿದ್ದಳು. ಬರಬರುತ್ತ ಅವಳ ಕೈ ಮೇಲಕ್ಕೆ ಏಳದಾಯಿತು. ಕತ್ತು ತಿರುಗಿಸಲಾರದೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಬೆನ್ನು ಬಿಲ್ಲಿನಂತಾಯಿತು. ನಾನು ಕೇಳಿದರೆ, "ಭೂಮ್ತಾಯಿ ಕರೀತವ್ಳೆ ಕಣವ್ವ, ಅದಕ್ಕೇ ಬಗ್ಗಿದೀನಿ" ಎಂದು ನಗುತ್ತಿದ್ದಳು. ವಾಯುವೆಂದು ಎಣ್ಣೆ ತಿಕ್ಕಿದರು. ಗ್ರಹಚಾರವೆಂದು ಹರಕೆ ಹೊತ್ತರು. ತೋರಿಸಿದ ಒಬ್ಬ ವೈದ್ಯರು ವಯಸ್ಸಾಯಿತೆಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ನೀರಿನ ಮಾತನ್ನು ಯಾರೂ ಎತ್ತಲಿಲ್ಲ.

ಅಜ್ಜಿಯ ಮಾತು ಒಂದು ರೀತಿಯಲ್ಲಿ ನಿಜವೇ ಆಗಿತ್ತು. ಅವಳನ್ನು ಬಗ್ಗಿಸಿದುದು ಭೂಮಿಯ ಆಳದಿಂದ ಬಂದ ನೀರು. ನಮ್ಮ ಸೀಮೆಯ ಗಟ್ಟಿ ಕಲ್ಲಿನ ಪದರಗಳಲ್ಲಿ ಫ್ಲೋರೈಡ್ ಎಂಬ ಅಂಶವುಂಟು. ಕೆರೆ ಬಾವಿಗಳು ಬತ್ತಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ಬಹುಕಾಲ ಕಲ್ಲಿನೊಡನೆ ಇದ್ದ ನೀರು ಆ ಅಂಶವನ್ನು ಕರಗಿಸಿಕೊಂಡು ಮೇಲಕ್ಕೆ ಬಂದಿತು. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದೆಡೆ 1.5 ಮಿಲಿಗ್ರಾಂ. ಅದಕ್ಕಿಂತ ಬಹಳ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಅದು ಎಲುಬಿನ ಹರಳುಗಳೊಳಗೆ ಸೇರಿಕೊಳ್ಳುತ್ತದೆ. ಎಲುಬು ದಪ್ಪವಾಗುತ್ತದೆ, ಆದರೆ ಪೆಡಸಾಗುತ್ತದೆ. ಕೀಲುಗಳನ್ನು ಕಟ್ಟಿದ ತಂತುಗಳೇ ಸುಣ್ಣಗಟ್ಟಿ ಬೆನ್ನುಮೂಳೆ ಒಂದೇ ಕೋಲಿನಂತಾಗುತ್ತದೆ. ನಮ್ಮ ನೆರೆಯ ನೆಲ್ಲೂರು ಸೀಮೆಯಲ್ಲಿ ಈ ರೋಗವನ್ನು ವೈದ್ಯರು 1937ರಷ್ಟು ಹಿಂದೆಯೇ ಗುರುತಿಸಿದ್ದರು. ಅಂದರೆ ನಮ್ಮ ಅಜ್ಜಿ ಹುಟ್ಟುವುದಕ್ಕೆ ಮೊದಲೇ ಅವಳ ರೋಗದ ಕಾರಣ ಪುಸ್ತಕದಲ್ಲಿತ್ತು. ಪುಸ್ತಕದಿಂದ ನಮ್ಮ ಜಗಲಿಗೆ ಅದು ಬಂದು ತಲಪಲಿಲ್ಲ.

ಎಲುಬಿನ ಎಲ್ಲ ರೋಗಗಳೂ ಮನುಷ್ಯನ ಕೈಯಲ್ಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ರೋಗವನ್ನು ನೋಡಿ. ಸೊಂಟದ ಕೀಲು ಸವೆದು ಕಿರಿಯ ವಯಸ್ಸಿನಲ್ಲಿಯೇ ನಡೆಯಲಾರದ ಸ್ಥಿತಿ ಅಲ್ಲಿನ ಬಡ ಕುಟುಂಬಗಳಿಗೆ ಬಂದಿತು. ಗದ್ದೆಗೆ ಹೊಡೆದ ಕೀಟನಾಶಕವು ಏಡಿ ಮೀನುಗಳ ಮೂಲಕ ಮೈಸೇರಿರಬೇಕೆಂಬ ಶಂಕೆಯೂ ಮೊದಲಿಗೆ ಇತ್ತು; ಅನಂತರದ ಅಧ್ಯಯನಗಳು ಅದು ವಂಶದಲ್ಲಿ ಇಳಿದು ಬರುವ ರೋಗವೆಂದು ತೋರಿಸಿದವು. ಅಂತಹ ರೋಗದ ಮುಂದೆ ವೈದ್ಯಶಾಸ್ತ್ರವೂ ತಲೆ ಬಾಗುತ್ತದೆ. ಆದರೆ ನಮ್ಮ ಪಾವಗಡದ ಕಡೆಯ ರೋಗ ಹಾಗಲ್ಲ. ಒಮ್ಮೆ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಲಾಗದೆಂಬುದು ನಿಜ. ಆದರೆ ಹೊಸದಾಗಿ ಒಂದು ಬೆನ್ನೂ ಬಗ್ಗದಂತೆ ಮಾಡಬಹುದು. ಮಳೆಯ ನೀರಿನಲ್ಲಿ ಈ ತೊಂದರೆಯಿಲ್ಲ. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡನ್ನು ಕಡಮೆ ಮಾಡುವ ನಲ್ಗೊಂಡ ವಿಧಾನವನ್ನು ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ್ದಾರೆ. ಈಗ ಅನೇಕ ಹಳ್ಳಿಗಳಲ್ಲಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳೂ ಇವೆ. ರಾಗಿ, ಹಾಲು, ಸೊಪ್ಪು ಉಂಡ ಮೈಗೆ ತಡೆದುಕೊಳ್ಳುವ ಶಕ್ತಿ ಹೆಚ್ಚು. ಅರೆಹೊಟ್ಟೆಯವರಿಗೇ ಪೆಟ್ಟು ಜಾಸ್ತಿ.

ಹಾಗಾದರೆ ಕೊರತೆ ಯಾವುದು? ತಿಳಿವಳಿಕೆಯದು ಎಂದು ನನ್ನ ಅಭಿಪ್ರಾಯ. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ; ಕಾಯಿಸಿದರೆ ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ನಾಲಗೆ ಇದನ್ನು ಹಿಡಿಯಲಾರದು, ಪರೀಕ್ಷೆಯೊಂದೇ ಹಿಡಿಯಬಲ್ಲುದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಬಹಳ ಒಳ್ಳೆಯ ಮಾತು. ಆದರೆ ಪರೀಕ್ಷೆಯ ಫಲ ಕಡತದಲ್ಲಿಯೇ ಉಳಿದರೆ ಬಿಂದಿಗೆ ಹಿಡಿದು ನಿಂತ ಹೆಂಗಸಿಗೆ ಅದರಿಂದೇನು ಪ್ರಯೋಜನ?

ನಾನು ಕೇಳುವುದು ಬಹಳ ಸಣ್ಣದು, ಬಹಳ ಅಗ್ಗದ್ದು. ಊರಿನ ನೀರಿನ ತೊಟ್ಟಿಗಳ ಗೋಡೆಗಳ ಮೇಲೆ ಈಗ ಎಷ್ಟೋ ಘೋಷಣೆಗಳನ್ನು ಬರೆಯಿಸುತ್ತಾರೆ. ಅವುಗಳ ಪಕ್ಕದಲ್ಲಿಯೇ ಆ ನೀರಿನ ಫ್ಲೋರೈಡ್ ಎಷ್ಟು, ಪರೀಕ್ಷೆ ಮಾಡಿದ ದಿನ ಯಾವುದು, ಮೀರಬಾರದ ಮಿತಿ ಎಷ್ಟು ಎಂಬ ಮೂರು ಸಾಲನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಬೇಕು. ಮಿತಿ ಮೀರಿದ್ದರೆ ಕೆಂಪು ಬಣ್ಣದಲ್ಲಿ ಬರೆಯಿಸಬೇಕು. ಓದಲು ಬಾರದವರಿಗೂ ಕೆಂಪು ತಿಳಿಯುತ್ತದೆ. ಜನ ಹೆದರಿ ಗಲಭೆ ಮಾಡುವುದಿಲ್ಲವೆ ಎಂದು ಕೆಲವರು ಕೇಳಿಯಾರು. ಹೆದರಲಿ; ನಮ್ಮ ಅಜ್ಜಿ ಹೆದರಿದ್ದರೆ ಮಳೆಯ ನೀರನ್ನಾದರೂ ಹಿಡಿದಿಡುತ್ತಿದ್ದಳು. ಬೇರೆ ನೀರಿಲ್ಲದ ಊರಿಗೆ ಅಂಕಿಯಿಂದೇನು ಫಲವೆಂದು ಇನ್ನು ಕೆಲವರು ಕೇಳಿಯಾರು. ಅಂಕಿ ಗೊತ್ತಿದ್ದ ಊರು ಗ್ರಾಮಸಭೆಯಲ್ಲಿ ಎದ್ದುನಿಂತು ಬೇರೆ ನೀರನ್ನು ಕೇಳಬಲ್ಲುದು. ಗೊತ್ತಿಲ್ಲದ ಊರು ಹರಕೆಯನ್ನಷ್ಟೇ ಹೊರಬಲ್ಲುದು.

ಇದು ಹಳ್ಳಿಯವರ ಮಾತು, ಬೆಂಗಳೂರಿನವರಿಗಲ್ಲ ಎನ್ನಬೇಡಿ. 2024ರ ಬೇಸಿಗೆಯಲ್ಲಿ ನಮ್ಮ ನಗರ ನೀರಿಗಾಗಿ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ವಿದ್ಯಾರಣ್ಯಪುರದ ಪಕ್ಕದಲ್ಲಿಯೇ ದೊಡ್ಡಬೊಮ್ಮಸಂದ್ರದ ಕೆರೆಯಿದ್ದರೂ ನಮ್ಮ ಬೀದಿಯವರು ಟ್ಯಾಂಕರಿಗೆ ಕಾದು ಕುಳಿತಿದ್ದೆವು. ಟ್ಯಾಂಕರು ಬಂದಾಗ ದರವನ್ನು ಎಲ್ಲರೂ ಕೇಳಿದರು. ಇದು ಯಾವ ಕೊಳವೆಬಾವಿಯ ನೀರು, ಇದರೊಳಗೇನಿದೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎಣ್ಣೆಯ ಬಾಟಲಿಯ ಹಿಂದಿನ ಸಣ್ಣಕ್ಷರಗಳನ್ನು ಕಣ್ಣಗಲಿಸಿ ಓದುವ ನಾವು, ನೀರಿನ ವಿಷಯದಲ್ಲಿ ಕುರುಡರಾಗಿದ್ದೇವೆ. ಸತ್ತ ಕೂದಲಿಗೆ ಸಿಕ್ಕುವ ಉಪಚಾರದ ನಾಲ್ಕನೆಯ ಒಂದು ಪಾಲಾದರೂ ಬದುಕಿರುವ ಎಲುಬಿಗೆ ಬೇಡವೆ?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲು. ಓದಿದವಳು ಎಂದು ಊರಿನಲ್ಲಿ ನನಗೆ ಮರ್ಯಾದೆ ಕೊಡುತ್ತಾರೆ. ಆ ಮರ್ಯಾದೆಗೆ ತಕ್ಕ ಕೆಲಸವನ್ನು ನಾನಿನ್ನೂ ಮಾಡಿಲ್ಲ. ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗಿ, ನೀರಿನ ಪರೀಕ್ಷೆಯ ಫಲವನ್ನು ಪಂಚಾಯತಿಯಲ್ಲಿ ಬರಹದ ಮೂಲಕ ಕೇಳಿ ಪಡೆದು, ತೊಟ್ಟಿಯ ಗೋಡೆಯ ಮೇಲೆ ಬರೆಯಿಸುವವರೆಗೆ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಬಣ್ಣ ಬಳಿಯುವ ಕೆಲಸ ತಂದೆಯವರಿಗೆ ಬರುತ್ತದೆ. ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಮುಂತಾದ ಕಡೆಗಳಿಂದ ನಮ್ಮ ಕಾಲೇಜಿಗೆ ಬಂದ ಸಹಪಾಠಿಗಳು ತಮ್ಮ ತಮ್ಮ ಊರಿನಲ್ಲಿ ಇದನ್ನೇ ಮಾಡಲೆಂದು ಬೇಡುತ್ತೇನೆ.

ಕೊನೆಯದಾಗಿ ಒಂದು ಮಾತು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಈ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಬಣ್ಣದ ಕಲೆಗಳು ನಿಲ್ಲುತ್ತವೆ, ಉಜ್ಜಿದರೆ ಹೋಗುವುದಿಲ್ಲ. ಈ ಸಂಚಿಕೆಯಲ್ಲಿ ಅಂತಿಮ ತರಗತಿಯ ಭಾವಚಿತ್ರವಿದೆ. ಎರಡನೆಯ ಸಾಲಿನಲ್ಲಿ ಎಲ್ಲರೂ ನಗುತ್ತಿರುವಾಗ ತುಟಿ ಬಿಗಿದು ನಿಂತವಳೊಬ್ಬಳಿದ್ದಾಳೆ. ಅವಳಿಗೆ ಜಂಬವೆಂದು ದಯವಿಟ್ಟು ತಿಳಿಯಬೇಡಿ. ಅವಳ ಊರಿನಲ್ಲಿ ಈಗ ಅಂಗನವಾಡಿಗೆ ಹೋಗುವ ಮಕ್ಕಳು ಇಪ್ಪತ್ತು ವರ್ಷಗಳ ಮೇಲೆ ಇಂತಹುದೇ ಸಾಲಿನಲ್ಲಿ ನಿಂತಾಗ ಬಾಯಿತುಂಬ ನಗಲೆಂಬುದೇ ಈ ಲೇಖನದ ಉದ್ದೇಶ.