ಸರಾಸರಿಯನ್ನು ನಂಬಿ ತೆಂಗು ನೆಡಬೇಡಿ

ನಮ್ಮ ನೊಯ್ಡಾ ಅಪಾರ್ಟ್‌ಮೆಂಟಿನ ಕನ್ನಡ ಗುಂಪಿನಲ್ಲಿ ಈ ಸಲವೂ ರಾಜ್ಯೋತ್ಸವಕ್ಕೆ ಪಾರ್ಕಿನಲ್ಲಿ ತೆಂಗಿನ ಸಸಿ ನೆಡುವ ಮಾತು ಎದ್ದಿದೆ. ನಾನು ಬೇಡ ಅಂದೆ. ‘ಊರಿನ ಮೇಲೆ ಅಭಿಮಾನ ಇಲ್ವಾ ಸಾರ್?’ ಅಂತ ಕೇಳಿದರು. ಇದೆ. ಅದಕ್ಕೇ ಬೇಡ ಅನ್ನುತ್ತಿರುವುದು.

ಅವರ ವಾದ ಇಷ್ಟು: ದೆಹಲಿಯ ವರ್ಷದ ಸರಾಸರಿ ತಾಪಮಾನ ಸುಮಾರು 25 ಡಿಗ್ರಿ, ತೆಂಗಿಗೆ ಬೇಕಾದದ್ದು 27ರ ಆಸುಪಾಸು, ಎರಡು ಡಿಗ್ರಿ ಯಾವ ಲೆಕ್ಕ? ಇಪ್ಪತ್ತು ವರ್ಷದಿಂದ ಪ್ರಾಜೆಕ್ಟ್ ನಡೆಸುತ್ತಿರುವ ನನಗೆ ಈ ಮೋಸ ಚೆನ್ನಾಗಿ ಗೊತ್ತು. ಸರ್ವರ್ ಬೀಳುವುದು ಒಂದು ರಾತ್ರಿಯ ಲೋಡಿಗೆ. ವರ್ಷದ ಸರಾಸರಿ ಎಷ್ಟಿದ್ದರೇನು? 2021ರ ಜನವರಿ 1ರ ಬೆಳಗ್ಗೆ ಸಫ್ದರ್‌ಜಂಗ್‌ನಲ್ಲಿ ಇದ್ದದ್ದು 1.1 ಡಿಗ್ರಿ. ಮೇ ತಿಂಗಳ 45 ಡಿಗ್ರಿ ಅದನ್ನು ಕಾಗದದ ಮೇಲೆ ಸರಿದೂಗಿಸೀತು, ಗಿಡಕ್ಕೆ ಆ ಲೆಕ್ಕ ಬಾರದು.

ತೆಂಗಿಗೆ ಇರುವುದು ಒಂದೇ ಸುಳಿ. ಅದು ಕೊಳೆತರೆ ಮರವೇ ಹೋಯಿತು. ಅಪ್ಪ ತಿಪಟೂರಿನಿಂದ ರೈಲಿನಲ್ಲಿ ಹೊತ್ತು ತಂದ ಸಸಿಯನ್ನು ನಾನೂ ನವೆಂಬರಿನಲ್ಲೇ ನೆಟ್ಟಿದ್ದೆ. ಜನವರಿ ದಾಟಿದಾಗ ಹಸಿರಾಗೇ ಇತ್ತು, ಗೆದ್ದೆ ಅಂದುಕೊಂಡೆ. ಮಾರ್ಚಿನಲ್ಲಿ ಮುಟ್ಟಿದರೆ ಸುಳಿ ಕೈಗೇ ಕಿತ್ತು ಬಂತು, ಬುಡದಲ್ಲಿ ಕೊಳೆತ ವಾಸನೆ. ‘ಸಸಿ ಹೆಂಗೈತಪ್ಪ?’ ಅಂತ ಅಪ್ಪ ಫೋನಿನಲ್ಲಿ ಕೇಳಿದಾಗಲೆಲ್ಲ ‘ಚೆನ್ನಾಗೈತೆ’ ಅಂದೆ. ಆ ಸುಳ್ಳನ್ನು ಎರಡು ವರ್ಷ ಸಾಕಿದೆ.

‘ಅಲ್ಲೊಂದು ಬಂಗಲೆಯಲ್ಲಿ ತೆಂಗಿದೆಯಲ್ಲ’ ಅನ್ನುವವರಿದ್ದಾರೆ. ಇರಬಹುದು. ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಟ್ಟುಕೊಟ್ಟು ಒಂದೆರಡು ಮರ ಉಳಿಸುತ್ತದೆ. ನಮ್ಮ ಪಾರ್ಕು ಬಟಾಬಯಲು. ಮೋಡವಿಲ್ಲದ ರಾತ್ರಿ ಅಲ್ಲಿನ ಶಾಖವೆಲ್ಲ ಆಕಾಶದ ಪಾಲು.

ನೆಡಲೇಬೇಕೆಂದರೆ ಬಾಳೆ ನೆಡೋಣ. ಚಳಿಗೆ ಎಲೆ ಸುಟ್ಟರೂ ನೆಲದೊಳಗಿನ ಗಡ್ಡೆ ಬದುಕಿದ್ದು ಬೇಸಿಗೆಗೆ ಕಂದು ಎಬ್ಬಿಸುತ್ತದೆ. ಹಲಸು ನೆಡೋಣ, ಉತ್ತರಪ್ರದೇಶ, ಬಿಹಾರದವರು ಕಟಹಲ್ ಅಂತ ಪಲ್ಯ ಮಾಡುವುದು ಅದನ್ನೇ. ಎಳೆಯ ಸಸಿಗೆ ಮೊದಲ ಎರಡು ಚಳಿಗಾಲ ಹುಲ್ಲಿನ ಮರೆ ಕಟ್ಟಿ, ಆಗ್ನೇಯದ ಕಡೆ ಬಿಸಿಲಿಗೆ ತೆರೆದಿಟ್ಟರಾಯಿತು. ಆದರೆ ನೆಡುವುದು ಫೆಬ್ರವರಿ ಕೊನೆಗೆ. ಮುಂದಿನ ಚಳಿ ಬರುವಷ್ಟರಲ್ಲಿ ಬೇರಿಗೆ ಒಂದು ಬೇಸಿಗೆ, ಒಂದು ಮಳೆಗಾಲ ಸಿಕ್ಕಿರಬೇಕು.

ನವೆಂಬರ್ 1ಕ್ಕೆ ಬಾವುಟ ಹಾರಿಸೋಣ, ಒಬ್ಬಟ್ಟು ತಿನ್ನೋಣ. ಸಸಿಗೆ ನಾಲ್ಕು ತಿಂಗಳು ಕಾಯೋಣ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಆಮೇಲೆ ಸಾಯಲು ಬಿಡುವುದಕ್ಕೆ ಅಭಿಮಾನ ಎಂಬ ಹೆಸರು ಬೇಡ.