ಹೊಸ ಟ್ಯಾಪೆಟ್ಟಿಗೆ ಎಣ್ಣೆಯೂಡುವುದು

ಮನೆಯ ಬುಲೆಟ್ಟಿನ ಇಂಜಿನನ್ನು ಬಿಚ್ಚಿಸಿ ಹೊಸ ಟ್ಯಾಪೆಟ್ಟುಗಳನ್ನು ಹಾಕಿಸುವುದು ಗೃಹಸ್ಥನಿಗೆ ಅಲ್ಪವೆಚ್ಚದ ಕಾರ್ಯವಲ್ಲ. ಶಿವಾಜಿನಗರದಲ್ಲಿಯಾಗಲಿ ಹಲಸೂರಿನಲ್ಲಿಯಾಗಲಿ ಈ ಕೆಲಸ ಬಲ್ಲ ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಆದರೂ ಮೊದಲನೆಯ ಕಿಕ್ಕಿಗೆ ಮುಂಚೆ ನಡೆಯತಕ್ಕುದೇನೆಂಬುದನ್ನು ಗಾಡಿಯ ಯಜಮಾನನೂ ಅರಿತಿರಬೇಕೆಂದು ನಮ್ಮ ಅಭಿಪ್ರಾಯ.

2009ರಲ್ಲಿ ಬಂದ ಕ್ಲಾಸಿಕ್ 500ರಂತಹ ಗಾಡಿಗಳಲ್ಲಿರುವುದು ಹೈಡ್ರಾಲಿಕ್ ಟ್ಯಾಪೆಟ್ಟು. ಅದರ ಹೊಟ್ಟೆಯೊಳಗೆ ಪುಟ್ಟದೊಂದು ಪ್ಲಂಜರು, ಅದರಡಿಯಲ್ಲಿ ಸ್ಪ್ರಿಂಗು, ಎಣ್ಣೆಯನ್ನು ಒಳಗೆ ಬಿಟ್ಟುಕೊಂಡು ಹಿಂದಿರುಗಗೊಡದ ಸಣ್ಣ ಕವಾಟ ಇವಿಷ್ಟು ಉಂಟು. ಎಣ್ಣೆಯು ಒತ್ತಿದರೆ ಕುಗ್ಗದು. ಆದುದರಿಂದ ಕ್ಯಾಮಿನ ನೂಕು ಪೂರ್ತಿಯಾಗಿ ವಾಲ್ವನ್ನು ಮುಟ್ಟುತ್ತದೆ. ಗಾಳಿಯಾದರೋ ಕುಗ್ಗುತ್ತದೆ. ಅಂಗಡಿಯಿಂದ ತಂದ ಟ್ಯಾಪೆಟ್ಟನ್ನು ಒಣಗಿದಂತೆಯೇ ಕೂರಿಸಿದರೆ ವಾಲ್ವು ಅರೆಬರೆ ತೆರೆದು, ಟಕಟಕ ಸದ್ದೆದ್ದು, ಲೋಹಕ್ಕೆ ಲೋಹ ಉಜ್ಜುತ್ತದೆ. ಹೊಸ ಕ್ಯಾಮಿಗೆ ಆ ಮೊದಲ ನಿಮಿಷವೇ ಗಂಡಾಂತರದ ಕಾಲ.

ಚೊಕ್ಕ ಪಾತ್ರೆಯಲ್ಲಿ ಇಂಜಿನಿಗೆ ಹಾಕುವ ಎಣ್ಣೆಯನ್ನೇ ತುಂಬಿ, ಟ್ಯಾಪೆಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ ಮುಳುಗಿಸಬೇಕು. ಮೊಂಡು ಕಡ್ಡಿಯಿಂದ ಪ್ಲಂಜರನ್ನು ಮೆಲ್ಲನೆ ಒತ್ತಿ ಬಿಡುತ್ತಿದ್ದರೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತರೆ ಎಣ್ಣೆ ತುಂಬಿತೆಂದು ತಿಳಿಯಬಹುದು. ತಯಾರಕರ ಕೈಪಿಡಿಯು ಬೇರೆ ಕ್ರಮವನ್ನು ಹೇಳಿದ್ದರೆ ಅದೇ ಪ್ರಮಾಣ.

ಇನ್ನು ಆತುರದ ಮಾತು. ತುಂಬಿದ ಟ್ಯಾಪೆಟ್ಟು ಜೋಡಿಸಿದೊಡನೆ ವಾಲ್ವನ್ನು ಕೊಂಚ ಎತ್ತಿಹಿಡಿದಿರಬಹುದು. ಹೆಚ್ಚಿನ ಎಣ್ಣೆ ಜಿನುಗಿ ಇಳಿಯುವ ತನಕ ಕಾಯದೆ ಕಿಕ್ಕು ಹೊಡೆದರೆ ವಾಲ್ವು ಪಿಸ್ಟನ್ನಿಗೆ ತಗುಲಿ ಬಾಗೀತು. ಈ ಕಾರಣದಿಂದಲೇ ಫೋಕ್ಸ್‌ವಾಗನ್ ಕಾರುಗಳಿಗೆ ಸುಮಾರು 30 ನಿಮಿಷಗಳ ವಿರಾಮವನ್ನು ವಿಧಿಸಿರುವುದುಂಟು. ಮಿಸ್ತ್ರಿಯು ಚಹಾ ಕುಡಿದು ಬರುತ್ತೇನೆಂದರೆ ವಾಚಕರು ಬೇಸರಪಡಬಾರದು! ಬಳಿಕ ಇಗ್ನಿಷನ್ ಆರಿಸಿ, ಪ್ಲಗ್ಗನ್ನು ಕಳಚಿ, ಹಲವು ಸಲ ನಿಧಾನವಾಗಿ ಕಿಕ್ಕು ತುಳಿದರೆ ಪಂಪು ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದೆ.

ಇದೇನೂ ನೂತನ ವಿದ್ಯೆಯಲ್ಲ. ನಮ್ಮ ಊರಿನ ಪೂರ್ವಭಾಗದಲ್ಲಿ 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧಕಾಲದ ವಿಮಾನಗಳು ದುರಸ್ತಿಯಾಗುತ್ತಿದ್ದುವು. ಆ ಬಗೆಯ ಪಿಸ್ಟನ್ ವಿಮಾನಗಳ ಇಂಜಿನನ್ನು ಬಿಚ್ಚಿ ಕಟ್ಟಿದ ಮೇಲೆ, ಚಾಲೂ ಮಾಡುವುದಕ್ಕೆ ಮೊದಲು ಒತ್ತಡದಿಂದ ಎಣ್ಣೆ ತುಂಬುವುದು ವಾಡಿಕೆ.

ಹಳೆಯ ಬೀಡುಕಬ್ಬಿಣದ ಬುಲೆಟ್ಟಿನವರಿಗೆ ಈ ಗುಳ್ಳೆಯ ಗೊಡವೆಯಿಲ್ಲ. ಅದರ ಟ್ಯಾಪೆಟ್ಟು ಗಟ್ಟಿ ಲೋಹದ್ದು. ಎಣ್ಣೆ ಸವರಿ ಕೂರಿಸಿ, ಇಂಜಿನು ತಣ್ಣಗಿರುವಾಗ ಪುಷ್‌ರಾಡು ಬೆರಳಿಗೆ ಸಲೀಸಾಗಿ ತಿರುಗುವಂತೆ ಹೊಂದಿಸಿದರೆ ಸಾಕು.

ಚಾಲೂ ಆದ ಮೇಲೆ ಸ್ವಲ್ಪ ಹೊತ್ತು ಸದ್ದಿದ್ದು ಅಡಗಿದರೆ ಚಿಂತೆಯಿಲ್ಲ. ಇಂಜಿನು ಬಿಸಿಯಾದ ಮೇಲೂ ಅಡಗದಿದ್ದರೆ, ಕೃಷ್ಣರಾಜಪುರದವರೆಗೆ ಓಡಿಸಿ ನೋಡೋಣವೆನ್ನದೆ, ಅಲ್ಲಿಯೇ ನಿಲ್ಲಿಸಿ ಮಿಸ್ತ್ರಿಯನ್ನು ಕರೆಯತಕ್ಕದ್ದು.